ಮಾರಾಟ ಏರುತ್ತಿದೆ, ನಷ್ಟ ನಿಲ್ಲುತ್ತಿಲ್ಲ: ಸಣ್ಣ ಕಂಪನಿ ಲಾಭಕ್ಕೆ ಬರೋದು ಯಾವಾಗ ಅಂತ ಅಂದಾಜು ಮಾಡೋದು ಹೇಗೆ?

ಪ್ರಶ್ನೆ: ನನ್ನ ಭಾಮೈದ ತುಮಕೂರಿನಲ್ಲಿ ಸಣ್ಣದೊಂದು ಪ್ರೈವೇಟ್ ಲಿಮಿಟೆಡ್ ಕಂಪನಿ ನಡೆಸುತ್ತಿದ್ದಾನೆ. ಸಿರಿಧಾನ್ಯದ ದೋಸೆ ಮಿಕ್ಸ್, ಮಾಲ್ಟ್, ಕುರುಕಲು ತಿಂಡಿ ಮಾಡಿ ಮಾರುತ್ತಾರೆ. 2022-23ರಲ್ಲಿ 1.10 ಕೋಟಿ ಮಾರಾಟ, 34 ಲಕ್ಷ ನಷ್ಟ. ಮರುವರ್ಷ 1.80 ಕೋಟಿ ಮಾರಾಟ, 38 ಲಕ್ಷ ನಷ್ಟ. 2024-25ರಲ್ಲಿ 2.90 ಕೋಟಿ, 41 ಲಕ್ಷ ನಷ್ಟ. "ಮಾರಾಟಕ್ಕೆ ಹೋಲಿಸಿದ್ರೆ ನಷ್ಟ ಶೇ 31ರಿಂದ 14ಕ್ಕೆ ಇಳಿದಿದೆ ಭಾವ, ಮುಂದಿನ ವರ್ಷ ನಾಲ್ಕೂವರೆ ಕೋಟಿ ಮಾಡ್ತೀವಿ, ಲಾಭಕ್ಕೆ ಬಂದೇ ಬರ್ತೀವಿ" ಅನ್ನುತ್ತಾನೆ. ಷೇರು ಕೊಡುತ್ತೇನೆ, 15 ಲಕ್ಷ ಹಾಕಿ ಅಂತ ಕೇಳುತ್ತಿದ್ದಾನೆ. ನಾನು ರಿಟೈರ್ ಆದ ಮೇಷ್ಟ್ರು, ಬ್ಯಾಲೆನ್ಸ್ ಶೀಟ್ ಓದಲು ಬರುವುದಿಲ್ಲ. ಇವನ ಕಂಪನಿ ಲಾಭಕ್ಕೆ ಬರುತ್ತದೋ ಇಲ್ಲವೋ, ಬಂದರೆ ಯಾವಾಗ ಅಂತ ನಾನೇ ತಿಳಿದುಕೊಳ್ಳೋದು ಹೇಗೆ?

ಉತ್ತರ: ಮೇಷ್ಟ್ರೇ, ನೀವು ಕೊಟ್ಟ ಆರು ಅಂಕಿಗಳಲ್ಲೇ ಅರ್ಧ ಉತ್ತರ ಇದೆ. ಬ್ಯಾಲೆನ್ಸ್ ಶೀಟ್ ಆಮೇಲೆ ನೋಡೋಣ. ಕೂಡು, ಕಳೆ, ಭಾಗಾಕಾರ ಬಂದರೆ ಸಾಕು.

ಮೊದಲು ಆ ಶೇಕಡಾ ಲೆಕ್ಕ. 31, ಆಮೇಲೆ 21, ಆಮೇಲೆ 14. ಹೀಗೇ ಗೆರೆ ಎಳೆದರೆ ಇನ್ನೆರಡು ವರ್ಷದಲ್ಲಿ ಸೊನ್ನೆ ಮುಟ್ಟಿ ಲಾಭ ಶುರು ಅಂತ ಕಾಣುತ್ತದೆ. ನಿಮ್ಮ ಭಾಮೈದ ಸುಳ್ಳು ಹೇಳುತ್ತಿಲ್ಲ, ಅವನೂ ಅದನ್ನೇ ನಂಬಿರಬಹುದು. ಆದರೆ ನಷ್ಟ ಒಂದು ರೂಪಾಯಿಯೂ ಕಮ್ಮಿಯಾಗದೆ ಈ ಶೇಕಡಾ ಇಳಿಯುತ್ತಾ ಹೋಗಬಹುದು. ಪ್ರತಿ ವರ್ಷ 40 ಲಕ್ಷ ನಷ್ಟವೇ ಇರಲಿ ಅಂತ ಇಟ್ಟುಕೊಳ್ಳಿ. ಮಾರಾಟ 4 ಕೋಟಿ ಇದ್ದಾಗ ಅದು ಶೇ 10, 10 ಕೋಟಿ ಆದಾಗ ಶೇ 4, 20 ಕೋಟಿ ಆದಾಗ ಶೇ 2. ಅಂಕಿ ಚೆಂದ ಆಗುತ್ತಾ ಹೋಗುತ್ತದೆ, ವರ್ಷ ವರ್ಷವೂ 40 ಲಕ್ಷ ಯಾರದೋ ಜೇಬಿನಿಂದ ಹೋಗುತ್ತಲೇ ಇರುತ್ತದೆ, ಸೊನ್ನೆ ಮಾತ್ರ ಬರುವುದೇ ಇಲ್ಲ. ಅದಕ್ಕೇ ಬೆಳೆಯುವ ಕಂಪನಿಯಲ್ಲಿ ಮಾರಾಟಕ್ಕೆ ನಷ್ಟ ಶೇಕಡಾ ಎಷ್ಟು ಅನ್ನೋದನ್ನು ನಾನು ನೋಡೋದೇ ಇಲ್ಲ.

ನೋಡಬೇಕಾದದ್ದು ಇದು: ಹೋದ ವರ್ಷಕ್ಕಿಂತ ಎಷ್ಟು ಜಾಸ್ತಿ ಮಾರಿದರು, ಅಷ್ಟು ಜಾಸ್ತಿ ಮಾರಲು ಎಷ್ಟು ಜಾಸ್ತಿ ಖರ್ಚು ಮಾಡಿದರು. ಎರಡನೇ ವರ್ಷ ಮಾರಾಟ 70 ಲಕ್ಷ ಏರಿತು, ನಷ್ಟವೂ 4 ಲಕ್ಷ ಏರಿತು. ಅಂದರೆ 70 ಲಕ್ಷ ಹೆಚ್ಚಿಗೆ ಮಾರಲು 74 ಲಕ್ಷ ಹೆಚ್ಚಿಗೆ ಖರ್ಚಾಯಿತು, ನೂರು ರೂಪಾಯಿಗೆ ಸುಮಾರು 106. ಮೂರನೇ ವರ್ಷ ಮಾರಾಟ 1.10 ಕೋಟಿ ಏರಿತು, ಖರ್ಚು 1.13 ಕೋಟಿ ಏರಿತು. ನೂರಕ್ಕೆ ಸುಮಾರು 103. ಈ ಅಂಕಿ 100ರ ಕೆಳಗೆ ಬಂದ ವರ್ಷದಿಂದ ನಷ್ಟ ಕರಗೋಕೆ ಶುರುವಾಗುತ್ತದೆ. ಅಲ್ಲಿಯವರೆಗೆ ಮಾರಾಟ ಎಷ್ಟೇ ಏರಲಿ, ನಷ್ಟವೂ ಅದರ ಜೊತೆಗೇ ಏರುತ್ತದೆ.

106ರಿಂದ 103ಕ್ಕೆ ಇಳಿದಿದೆಯಲ್ಲ, ಅದು ಒಳ್ಳೆಯದೇ. ನಿಮ್ಮ ಭಾಮೈದ ನಿಮಗೆ ಹೇಳಬೇಕಾಗಿದ್ದ ಒಳ್ಳೆ ಸುದ್ದಿ ಇದು, ಆ ಶೇ 14 ಅಲ್ಲ. ಆದರೆ ಇನ್ನೂ 100ರ ಮೇಲೇ ಇದೆ. ಅದು ಯಾಕೆ ಅಲ್ಲಿ ನಿಂತಿದೆ, ಕೆಳಗೆ ಬರುವ ದಾರಿ ಉಂಟಾ ಅಂತ ತಿಳಿಯಬೇಕಾದರೆ ಒಂದೇ ಒಂದು ಪ್ಯಾಕೆಟ್ ಕೈಯಲ್ಲಿ ಹಿಡಿದು ಕೂರಬೇಕು.

ಅವನ ಪುಸ್ತಕ ನನ್ನ ಮುಂದಿಲ್ಲ, ಹಾಗಾಗಿ ಅಂದಾಜಿನ ಅಂಕಿ ಹಾಕುತ್ತೇನೆ. ನೀವು ಅವನ ಪಕ್ಕ ಕೂತು ಒಂದೊಂದು ಸಾಲಿಗೂ ನಿಜವಾದ ಅಂಕಿ ಬರೆಸಿಕೊಳ್ಳಿ. ಅರ್ಧ ಕಿಲೋ ದೋಸೆ ಮಿಕ್ಸ್, ಎಂಆರ್‌ಪಿ 160 ರೂಪಾಯಿ ಅಂತಿರಲಿ. ಅಂಗಡಿಯವರ ಪಾಲು, ಡಿಸ್ಟ್ರಿಬ್ಯೂಟರ್ ಪಾಲು ಎರಡೂ ಸೇರಿ ಶೇ 30 ಹೋದರೆ ಉಳಿದದ್ದು 112. ಇದರೊಳಗೇ ಜಿಎಸ್‌ಟಿ ಇದೆ. ಶೇ 70ಕ್ಕೆ ಕಮ್ಮಿ ಇಲ್ಲದಷ್ಟು ಸಿರಿಧಾನ್ಯ ಇರುವ ಹಿಟ್ಟಿನ ಮಿಕ್ಸನ್ನು ಪ್ಯಾಕ್ ಮಾಡಿ ಲೇಬಲ್ ಹಾಕಿ ಮಾರಿದರೆ ಶೇ 5 ತೆರಿಗೆ ಅಂತ 2023ರ ಅಕ್ಟೋಬರ್‌ನಲ್ಲಿ ಜಿಎಸ್‌ಟಿ ಕೌನ್ಸಿಲ್ ತೀರ್ಮಾನ ಮಾಡಿತ್ತು. ಅದನ್ನು ತೆಗೆದರೆ ಕಂಪನಿಗೆ ಬರೋದು 106 ರೂಪಾಯಿ ಚಿಲ್ಲರೆ. ಮಾರಾಟ ಅಂತ ಪುಸ್ತಕದಲ್ಲಿ ಬರೆಯೋದು ಇದನ್ನೇ, 160 ಅಲ್ಲ.

ಈಗ ಖರ್ಚು. ಸಾಮೆಯೋ ನವಣೆಯೋ, ಜೊತೆಗೆ ಉದ್ದು, ಮೆಂತ್ಯ, ಎಲ್ಲ ಸೇರಿ 50 ರೂಪಾಯಿ. ಕ್ಲೀನ್ ಮಾಡಿ ಬೀಸಿಸೋದು, ಅದರಲ್ಲಿ ಹೋಗುವ ಹೊಟ್ಟು ಧೂಳು ಸೇರಿ 6. ಪೌಚ್, ರಟ್ಟಿನ ಡಬ್ಬ 10. ಇಲ್ಲಿಗೆ 66 ಆಯಿತು. "ಪ್ಯಾಕೆಟ್‌ಗೆ ನಲವತ್ತು ರೂಪಾಯಿ ಮಾರ್ಜಿನ್ ಇದೆ" ಅಂತ ಇವರೆಲ್ಲ ಹೇಳೋದು ಇಲ್ಲಿಗೆ ನಿಲ್ಲಿಸಿ. ಆದರೆ ಪ್ಯಾಕೆಟ್ ಇನ್ನೂ ಫ್ಯಾಕ್ಟರಿ ಬಾಗಿಲು ದಾಟಿಲ್ಲ. ಲಾರಿ ಬಾಡಿಗೆ, ಹಮಾಲಿ 7 ರೂಪಾಯಿ. ಹತ್ತು ತಗೊಂಡರೆ ಒಂದು ಫ್ರೀ ಅಂತ ಅಂಗಡಿಗೆ ಸ್ಕೀಮ್ ಕೊಟ್ಟಿದ್ದರೆ ಆ ಒಂದು ಫ್ರೀ ಪ್ಯಾಕೆಟ್‌ಗೆ ತಗುಲಿದ 73 ರೂಪಾಯಿಯನ್ನು ಉಳಿದ ಹತ್ತರ ಮೇಲೆ ಹಂಚಬೇಕು, ತಲಾ 7 ರೂಪಾಯಿ. ಆಮೇಲೆ ಡೇಟ್ ಮುಗಿದು ವಾಪಸ್ ಬಂದದ್ದು, ಹುಳ ಬಿದ್ದದ್ದು, ಪೌಚ್ ಹರಿದದ್ದು, ಅದಕ್ಕೆ ಒಂದು 8 ರೂಪಾಯಿ ಇಟ್ಟುಕೊಳ್ಳಿ. ಒಟ್ಟು 88. ನಿಜವಾಗಿ ಉಳಿದದ್ದು 18 ರೂಪಾಯಿ, ಅಂದರೆ 106ರಲ್ಲಿ ಶೇ 17.

ನಲವತ್ತಕ್ಕೂ ಹದಿನೆಂಟಕ್ಕೂ ನಡುವಿನ ಈ 22 ರೂಪಾಯಿಯಲ್ಲೇ ಎಷ್ಟೋ ಸಣ್ಣ ಕಂಪನಿಗಳು ಮುಳುಗುತ್ತವೆ. ಸ್ಕೀಮ್ ಮತ್ತು ರಿಟರ್ನ್ ಲೆಕ್ಕ ಬೇರೆ ಬೇರೆ ಕಡೆ ಚದುರಿ ಹೋಗಿರುತ್ತದೆ: ಸ್ವಲ್ಪ ಜಾಹೀರಾತು ಖರ್ಚಿನಲ್ಲಿ, ಸ್ವಲ್ಪ ಸರಕಿನ ಲೆಕ್ಕದಲ್ಲಿ, ಸ್ವಲ್ಪ ಬರೆದೇ ಇರುವುದಿಲ್ಲ. ಒಂದು ಪ್ಯಾಕೆಟ್‌ನಿಂದ ಎಲ್ಲ ಕಳೆದು ಎಷ್ಟು ಉಳಿಯುತ್ತದೆ ಅಂತ ನೀವು ಕೇಳಿದಾಗ ಅವನು ತಡವರಿಸದೆ ರೂಪಾಯಿ ಲೆಕ್ಕದಲ್ಲಿ ಹೇಳಬೇಕು. ಹೇಳದಿದ್ದರೆ ಲಾಭ ಯಾವಾಗ ಅನ್ನೋದು ಅವನಿಗೇ ಗೊತ್ತಿಲ್ಲ ಅಂತ ಅರ್ಥ. ಇದು ನೀವು ಕೇಳಬೇಕಾದ ಮೊದಲನೇ ಪ್ರಶ್ನೆ.

ಇನ್ನೊಂದು ಕಡೆ ಕಾಯಂ ಖರ್ಚು ಇರುತ್ತದೆ. ಒಂದು ಪ್ಯಾಕೆಟ್ ಮಾರಲಿ, ಲಕ್ಷ ಪ್ಯಾಕೆಟ್ ಮಾರಲಿ, ತಿಂಗಳಾದರೆ ಕೊಡಲೇಬೇಕಾದದ್ದು. ಬಾಡಿಗೆ, ಆಫೀಸಿನವರ ಮತ್ತು ಸೇಲ್ಸ್ ಹುಡುಗರ ಸಂಬಳ, ಬಡ್ಡಿ, ಆಡಿಟರ್ ಫೀ, ಮೆಷಿನ್ ಸವಕಳಿ ಇವೆಲ್ಲ. ಮೂರನೇ ವರ್ಷ 2.90 ಕೋಟಿ ಮಾರಾಟಕ್ಕೆ ಶೇ 17ರಂತೆ ಸುಮಾರು 49 ಲಕ್ಷ ಉಳಿಯಿತು, ಆದರೂ 41 ಲಕ್ಷ ನಷ್ಟ ಆಯಿತು ಅಂದರೆ ಕಾಯಂ ಖರ್ಚು 90 ಲಕ್ಷ ಇತ್ತು ಅಂತಾಯಿತು. ಇದೇ ಲೆಕ್ಕದಲ್ಲಿ ಹಿಂದಿನ ವರ್ಷ ಸುಮಾರು 69 ಲಕ್ಷ, ಅದಕ್ಕೂ ಹಿಂದೆ 53 ಲಕ್ಷ. ಉಳಿಕೆ 19ರಿಂದ 31ಕ್ಕೆ, ಅಲ್ಲಿಂದ 49ಕ್ಕೆ ಏರಿದ್ದು ಹೌದು, ಆದರೆ ಕಾಯಂ ಖರ್ಚು ಅದಕ್ಕಿಂತ ಜೋರಾಗಿ ಓಡಿದೆ. ಕಾಯಂ ಖರ್ಚು ಮಾರಾಟದ ಜೊತೆಗೇ ಏರುತ್ತಿದ್ದರೆ ಅದು ಕಾಯಂ ಹೇಗಾಯಿತು? ಇದು ನೀವು ಅವನಿಗೆ ಕೇಳಬೇಕಾದ ಎರಡನೇ ಪ್ರಶ್ನೆ. ಹೊಸ ಊರಿಗೆ ಹೋದಾಗಲೆಲ್ಲ ಹೊಸ ಸೇಲ್ಸ್ ಹುಡುಗ, ಹೊಸ ಗೋಡೌನ್ ಬೇಕಾಗುತ್ತಿದ್ದರೆ ಅದು ಕಾಯಂ ಖರ್ಚೇ ಅಲ್ಲ, ಪ್ಯಾಕೆಟ್ ಜೊತೆ ಹೋಗುವ ಖರ್ಚೇ. ಆಗ ಪ್ಯಾಕೆಟ್‌ಗೆ 18 ರೂಪಾಯಿಯೂ ಉಳಿಯುತ್ತಿಲ್ಲ. ಒಂದು ಸಲ ದೊಡ್ಡ ಗೋಡೌನ್ ಹಿಡಿದಿದ್ದೀವಿ, ಇನ್ನು 6 ಕೋಟಿವರೆಗೂ ಇದರಲ್ಲೇ ನಡೆಯುತ್ತದೆ ಅಂದರೆ ಅದು ಬೇರೆ ಮಾತು. ಆ ಮಾತನ್ನು ಬಾಯಲ್ಲಿ ಕೇಳಿ ಬಿಡಬೇಡಿ. ಹೋಗಿ ಗೋಡೌನ್ ನೋಡಿ, ಎಷ್ಟು ಖಾಲಿ ಇದೆ ಅಂತ. ಪ್ಯಾಕಿಂಗ್ ಮೆಷಿನ್ ದಿನಕ್ಕೆ ಎಷ್ಟು ಗಂಟೆ ಓಡುತ್ತದೆ ಅಂತ ಅಲ್ಲಿ ಕೆಲಸ ಮಾಡುವವರನ್ನೇ ಕೇಳಿ.

ಈಗ ಯಾವಾಗ ಅನ್ನೋ ಪ್ರಶ್ನೆಗೆ ಬರೋಣ. ಕಾಯಂ ಖರ್ಚನ್ನು ಉಳಿಕೆಯ ಶೇಕಡಾದಿಂದ ಭಾಗಿಸಿದರೆ ನಷ್ಟವೂ ಇಲ್ಲದ ಲಾಭವೂ ಇಲ್ಲದ ಮಾರಾಟ ಎಷ್ಟು ಅಂತ ಬರುತ್ತದೆ. 90 ಲಕ್ಷವನ್ನು ಶೇ 17ರಿಂದ ಭಾಗಿಸಿದರೆ 5.3 ಕೋಟಿ. ಮುಂದಿನ ವರ್ಷ 4.5 ಕೋಟಿ ಮಾರಿ, ಕಾಯಂ ಖರ್ಚು ಒಂದು ರೂಪಾಯಿ ಏರದಿದ್ದರೂ ಉಳಿಯೋದು 76.5 ಲಕ್ಷ. 13.5 ಲಕ್ಷ ನಷ್ಟವೇ. "ಬಂದೇ ಬರ್ತೀವಿ" ಅನ್ನೋದು ಈ ಲೆಕ್ಕದಲ್ಲಿ ಕೂರೋದಿಲ್ಲ.

ಆದರೆ ಪ್ಯಾಕೆಟ್ ಕಡೆ ನೋಡಿ. ಹತ್ತಕ್ಕೊಂದು ಫ್ರೀ ಇದ್ದದ್ದನ್ನು ಇಪ್ಪತ್ತಕ್ಕೊಂದು ಮಾಡಿದರೆ ಮೂರೂವರೆ ರೂಪಾಯಿ ಮಿಗುತ್ತದೆ. ವಾಪಸ್ ಬರುವ ಮಾಲನ್ನು ಅರ್ಧಕ್ಕೆ ಇಳಿಸಿದರೆ 4 ರೂಪಾಯಿ. 18 ಇದ್ದದ್ದು ಇಪ್ಪತ್ತೈದೂವರೆ ಆಗುತ್ತದೆ, ಶೇ 24. ಆಗ ಸಮ ಆಗುವ ಮಾರಾಟ 5.3 ಕೋಟಿಯಿಂದ 3.75 ಕೋಟಿಗೆ ಇಳಿಯುತ್ತದೆ! ಏಳೂವರೆ ರೂಪಾಯಿಗೆ ಒಂದೂವರೆ ಕೋಟಿ ಮಾರಾಟದ ತೂಕ ಇದೆ. ಮಾರಾಟ ಏರಿಸೋದಕ್ಕೆ ಹಗಲು ರಾತ್ರಿ ಓಡಾಡುವ ಹುಡುಗರು ಈ ಏಳೂವರೆ ರೂಪಾಯಿಯ ಹಿಂದೆ ಒಂದು ತಿಂಗಳು ಕೂತರೆ ಸಾಕು, ಎರಡು ವರ್ಷ ಮೊದಲೇ ಲಾಭ ಕಾಣಬಹುದು. ಇದು ನನಗೆ ನಿಜಕ್ಕೂ ಬೇಜಾರು ತರುವ ವಿಷಯ, ಯಾಕೆಂದರೆ ಒಳ್ಳೆ ಮಾಲು ಮಾಡುವವರೇ ಇದನ್ನು ಕಡೆಗಣಿಸಿ ಕೈ ಸುಟ್ಟುಕೊಳ್ಳುತ್ತಾರೆ.

ದೊಡ್ಡ ಕಂಪನಿಗಳಲ್ಲೂ ನಡೆದದ್ದು ಇದೇ. 2021ರ ಜುಲೈನಲ್ಲಿ ಷೇರುಪೇಟೆಗೆ ಬಂದ ಜೊಮ್ಯಾಟೊ ವರ್ಷಗಟ್ಟಲೆ ನಷ್ಟದಲ್ಲೇ ಬೆಳೆಯಿತು. 2023ರ ಶುರುವಿನಲ್ಲಿ ಅವರು ಸುಮಾರು 225 ಸಣ್ಣ ಊರುಗಳಲ್ಲಿ ಊಟ ತಲುಪಿಸೋದನ್ನೇ ನಿಲ್ಲಿಸಿದರು. ಅಷ್ಟೂ ಊರಿಂದ ಬರುತ್ತಿದ್ದ ಆರ್ಡರ್ ಒಟ್ಟು ಮೊತ್ತದಲ್ಲಿ ಶೇ 1ಕ್ಕೂ ಕಮ್ಮಿ ಇತ್ತು. ಆ ವರ್ಷದ ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ಮೊದಲ ಸಲ ಲಾಭ ತೋರಿಸಿದರು, 2 ಕೋಟಿ ರೂಪಾಯಿ. ಅದರಲ್ಲೂ ಒಂದು ಸೂಕ್ಷ್ಮ ಇದೆ. ತೆರಿಗೆಗೆ ಮುಂಚಿನ ಲೆಕ್ಕದಲ್ಲಿ ಅವರಿಗೆ ಆಗ ಇನ್ನೂ ನಷ್ಟವೇ ಇತ್ತು, ತೆರಿಗೆ ಲೆಕ್ಕದ ಹೊಂದಾಣಿಕೆಯಿಂದ ಅದು ಲಾಭದ ಕಡೆಗೆ ದಾಟಿತು. ಆ ಮೊದಲ ಲಾಭಕ್ಕಿಂತ ಮುಖ್ಯ ಯಾವುದು ಅಂದರೆ, ಒಂದೊಂದು ಆರ್ಡರ್ ಮೇಲೆ ಕೈಯಿಂದ ಕೊಡೋದು ನಿಂತು ಚೂರು ಉಳಿಯೋಕೆ ಶುರುವಾಗಿದ್ದು. ಅದು ಅದಕ್ಕಿಂತ ಸಾಕಷ್ಟು ಮೊದಲೇ ಆಗಿತ್ತು. ಲಾಭ ಆಮೇಲೆ ಹಿಂಬಾಲಿಸಿತು.

ನಮ್ಮ ಕಣ್ಣೆದುರಿನ ಇನ್ನೊಂದು ಕಥೆ ಹೀಗೆ ಮುಗಿಯಲಿಲ್ಲ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಶುರು ಮಾಡಿದರು. ಕಮ್ಮಿ ದುಡ್ಡಿಗೆ ವಿಮಾನ ಹತ್ತಿಸಿದ ಆ ಕೆಲಸ ಸಣ್ಣದಲ್ಲ, ಇವತ್ತಿಗೂ ಅದರ ಬಗ್ಗೆ ನನಗೆ ಗೌರವ ಇದೆ. ಕಂಪನಿ ಬೆಳೆಯಿತು, ಊರಿಂದ ಊರಿಗೆ ಹಾರಿತು, ನಷ್ಟವೂ ಜೊತೆಗೇ ಬೆಳೆಯಿತು. 2007ರಲ್ಲಿ ಕಿಂಗ್‌ಫಿಷರ್ ಏರ್‌ಲೈನ್ಸ್ ಕಡೆಯವರು ಅದರಲ್ಲಿ ದೊಡ್ಡ ಪಾಲು ಕೊಂಡರು. ಕಿಂಗ್‌ಫಿಷರ್ ಕೂಡ 2005ರಲ್ಲಿ ಶುರುವಾಗಿ 2012ರಲ್ಲಿ ನಿಂತುಹೋಗುವವರೆಗೆ ಒಂದು ಪೂರ್ತಿ ವರ್ಷವೂ ಲಾಭ ಕಾಣಲಿಲ್ಲ. ವಿಮಾನದಲ್ಲಿ ಇಂಧನ, ಗುತ್ತಿಗೆ ಬಾಡಿಗೆ, ನಿಲ್ದಾಣದ ಶುಲ್ಕ ಎಲ್ಲವೂ ಹಾರಾಟ ಏರಿದಂತೆ ಏರುತ್ತವೆ. ಟಿಕೆಟ್ ದರ ಮಾತ್ರ ಪೈಪೋಟಿಯಲ್ಲಿ ಏರುವುದಿಲ್ಲ. ಅಂಥ ಕಡೆ ದೊಡ್ಡದಾಗೋದರಿಂದ ಲಾಭ ಬರುವುದಿಲ್ಲ.

"ಅಮೆಜಾನ್ ಕೂಡ ವರ್ಷಗಟ್ಟಲೆ ನಷ್ಟದಲ್ಲಿತ್ತು" ಅಂತ ನಿಮ್ಮ ಭಾಮೈದ ಹೇಳಿಯೇ ಹೇಳುತ್ತಾನೆ. ನಿಜ. 1994ರಲ್ಲಿ ಹುಟ್ಟಿ, 1997ರಲ್ಲಿ ಷೇರುಪೇಟೆಗೆ ಬಂದು, ಮೊದಲ ಲಾಭದ ತ್ರೈಮಾಸಿಕ ಕಂಡದ್ದು 2001ರ ಕೊನೆಗೆ, 50 ಲಕ್ಷ ಡಾಲರ್. ಪೂರ್ತಿ ವರ್ಷ ಲಾಭ ಬಂದದ್ದು 2003ರಲ್ಲಿ. ಆದರೆ ಅಲ್ಲಿ ಪುಸ್ತಕ ಕೊಳ್ಳುವವರು ಮೊದಲೇ ದುಡ್ಡು ಕೊಡುತ್ತಿದ್ದರು, ಪ್ರಕಾಶಕರಿಗೆ ಅಮೆಜಾನ್ ಆಮೇಲೆ ಕೊಡುತ್ತಿತ್ತು. ಮಾರಾಟ ಏರಿದಷ್ಟೂ ಕೈಯಲ್ಲಿ ನಗದು ಜಾಸ್ತಿ. ಸಿರಿಧಾನ್ಯದ ವ್ಯಾಪಾರ ಇದಕ್ಕೆ ಪೂರ್ತಿ ಉಲ್ಟಾ. ರೈತರಿಗೂ ಮಂಡಿಯವರಿಗೂ ಕೈಗೆ ಕೈ ದುಡ್ಡು ಕೊಡಬೇಕು, ಸೂಪರ್ ಮಾರ್ಕೆಟ್‌ನವರು ಎರಡು ತಿಂಗಳಾದ ಮೇಲೆ ಕೊಡುತ್ತಾರೆ.

ಈ ಉದ್ರಿಯ ಲೆಕ್ಕ ಹಾಕಿ ನೋಡಿ, ಗಾಬರಿಯಾಗುತ್ತದೆ. 2.90 ಕೋಟಿ ಮಾರಾಟ, 60 ದಿನ ಉದ್ರಿ ಅಂದರೆ ಯಾವಾಗಲೂ ಸುಮಾರು 48 ಲಕ್ಷ ಹೊರಗೆ ಸಿಕ್ಕಿಕೊಂಡಿರುತ್ತದೆ. 4.5 ಕೋಟಿ ಆದರೆ 74 ಲಕ್ಷ. ಅಂದರೆ ಬೆಳೆಯೋದಕ್ಕೇ 26 ಲಕ್ಷ ಹೊಸದಾಗಿ ಬೇಕು, ಸುಗ್ಗಿಯಲ್ಲಿ ಕಾಳು ಕೊಂಡು ಇಟ್ಟುಕೊಳ್ಳುವ ದುಡ್ಡು ಬೇರೆ. ಅದಕ್ಕೆ 13.5 ಲಕ್ಷ ನಷ್ಟ ಸೇರಿಸಿ. 40 ಲಕ್ಷದ ಹತ್ತಿರ ಬಂತು. ಅವನು ನಿಮ್ಮನ್ನು ಕೇಳುತ್ತಿರೋದು 15. ಉಳಿದ 25 ಎಲ್ಲಿಂದ? ಇದು ಮೂರನೇ ಪ್ರಶ್ನೆ, ಮತ್ತು ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡದು. ಬ್ಯಾಂಕ್ ಸಾಲ ಅಂದರೆ ಶೇ 12ರಂತೆ ವರ್ಷಕ್ಕೆ 3 ಲಕ್ಷ ಬಡ್ಡಿ, ಅದೂ ಕಾಯಂ ಖರ್ಚಿಗೆ ಹೋಗಿ ಕೂರುತ್ತದೆ. ಇನ್ನೊಬ್ಬ ನೆಂಟರು ಅಂದರೆ ಅವರು ಯಾರು, ಒಪ್ಪಿದ್ದಾರಾ? ಲಾಭಕ್ಕೆ ಇನ್ನು ಆರು ತಿಂಗಳು ಇದೆ ಅನ್ನುವಾಗ ದುಡ್ಡು ಮುಗಿದು ಬಾಗಿಲು ಹಾಕಿದ ಕಂಪನಿಗಳು ಬೇಕಾದಷ್ಟಿವೆ. ಅವುಗಳ ಪ್ಯಾಕೆಟ್ ಲೆಕ್ಕ ಸರಿಯಾಗೇ ಇತ್ತು, ಕೈಯಲ್ಲಿ ನಗದು ಇರಲಿಲ್ಲ.

ಉದ್ರಿ ವಿಷಯದಲ್ಲಿ ಅವನಿಗೆ ಕಾನೂನಿನ ಬೆಂಬಲ ಇದೆ, ಬಳಸುತ್ತಿದ್ದಾನಾ ಕೇಳಿ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ) ಇರುವ ಸಣ್ಣ ತಯಾರಕರಿಗೆ ಲಿಖಿತ ಒಪ್ಪಂದ ಇದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. 2023ರ ಬಜೆಟ್‌ನಲ್ಲಿ ಇದಕ್ಕೆ ಆದಾಯ ತೆರಿಗೆಯ ಗಂಟು ಹಾಕಿದರು, ಗಡುವಿನೊಳಗೆ ಕೊಡದಿದ್ದರೆ ಆ ಮೊತ್ತವನ್ನು ಕೊಳ್ಳುವ ಕಂಪನಿ ನಿಜವಾಗಿ ದುಡ್ಡು ಕೊಟ್ಟ ವರ್ಷದ ಖರ್ಚಿನಲ್ಲಿ ಮಾತ್ರ ತೋರಿಸಬಹುದು. ದೊಡ್ಡ ಸೂಪರ್ ಮಾರ್ಕೆಟ್‌ಗಳ ಅಕೌಂಟ್ಸ್ ವಿಭಾಗಕ್ಕೆ ಇದು ಚೆನ್ನಾಗಿ ಗೊತ್ತು. ಸಣ್ಣವರು ಆರ್ಡರ್ ಕೈತಪ್ಪುತ್ತದೆ ಅಂತ ಹೆದರಿ ಬಾಯಿ ಬಿಡುವುದಿಲ್ಲ, ಆ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಬಿಲ್ ಮೇಲೆ ಉದ್ಯಮ್ ನಂಬರ್ ಛಾಪಿಸೋದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ ಅಲ್ವಾ? 60 ದಿನ 45 ಆದರೆ 4.5 ಕೋಟಿ ಮಾರಾಟದಲ್ಲಿ 18 ಲಕ್ಷ ಬಿಡುಗಡೆ ಆಗುತ್ತದೆ, ನಿಮ್ಮ 15ಕ್ಕಿಂತ ಜಾಸ್ತಿ.

ಇನ್ನು ಪುಸ್ತಕದಲ್ಲಿ ಕಾಣದ ಖರ್ಚು. ಅವನು ಸಂಬಳ ತೆಗೆದುಕೊಳ್ಳುತ್ತಾನಾ? ಸಾಮಾನ್ಯವಾಗಿ ಇಲ್ಲ. ಅವನ ಹೆಂಡತಿ ಲೆಕ್ಕ ಬರೆಯುತ್ತಿರಬಹುದು, ಗೋಡೌನ್ ಅವರ ತಂದೆಯ ಜಾಗ ಆಗಿರಬಹುದು, ಬಾಡಿಗೆ ಇಲ್ಲ. ಅವನಿಗೆ ತಿಂಗಳಿಗೆ 60 ಸಾವಿರ, ಜಾಗಕ್ಕೆ 15 ಸಾವಿರ ಅಂತ ಹಾಕಿದರೆ ವರ್ಷಕ್ಕೆ 9 ಲಕ್ಷ. ಕಾಯಂ ಖರ್ಚು 99 ಆಯಿತು. ಶೇ 24 ಉಳಿಕೆ ಇದ್ದರೂ ಸಮ ಆಗೋದು 4.1 ಕೋಟಿಗೆ. ಮನೆಯವರು ಬಿಟ್ಟಿ ದುಡಿದು ತೋರಿಸುವ ಲಾಭ ಲಾಭವಲ್ಲ, ನಾಳೆ ಅವರಲ್ಲೊಬ್ಬರಿಗೆ ಹುಷಾರು ತಪ್ಪಿದರೆ ಸಂಬಳ ಕೊಟ್ಟು ಆಳು ಇಡಲೇಬೇಕು. ಹಾಗೇ ಸಬ್ಸಿಡಿ. ಕಿರು ಆಹಾರ ಘಟಕಗಳಿಗೆ 2020ರಲ್ಲಿ ಶುರುವಾದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಘಟಕದ ವೆಚ್ಚದ ಶೇ 35ರಷ್ಟು, 10 ಲಕ್ಷದವರೆಗೆ ಸಹಾಯಧನ ಇತ್ತು. ಸಿಕ್ಕಿದ್ದರೆ ಸಂತೋಷ. ಆದರೆ ಅದನ್ನು ಯಾವುದಾದರೂ ವರ್ಷದ ಆದಾಯಕ್ಕೆ ಸೇರಿಸಿ ಲಾಭ ತೋರಿಸಿದ್ದರೆ ತೆಗೆದು ನೋಡಿ.

ಮಾರಾಟದ ಅಂಕಿಯನ್ನೂ ಹಾಗೇ ಒಪ್ಪಬೇಡಿ. ಡಿಸ್ಟ್ರಿಬ್ಯೂಟರ್ ಗೋಡೌನ್‌ಗೆ ಹೋದ ಮಾಲಿಗೂ ಬಿಲ್ ಆಗುತ್ತದೆ, ಪುಸ್ತಕದಲ್ಲಿ ಅದೂ ಮಾರಾಟವೇ. ಮಾರ್ಚ್ ಕೊನೆಯ ವಾರ ಟಾರ್ಗೆಟ್‌ಗಾಗಿ ತುಂಬಿಸಿದ್ದು ಮೇ ತಿಂಗಳಲ್ಲಿ ವಾಪಸ್ ಬರುತ್ತದೆ. ಇದನ್ನು ಪತ್ತೆ ಮಾಡೋಕೆ ಆಡಿಟರ್ ಬೇಡ. ಒಂದು ದಿನ ಬಿಡುವು ಮಾಡಿಕೊಂಡು ತುಮಕೂರಿನ ಬಡಾವಣೆಗಳ ಕೆಲವು ಅಂಗಡಿಗೆ, ಒಂದೆರಡು ಸೂಪರ್ ಮಾರ್ಕೆಟ್‌ಗೆ ಹೋಗಿ. ಯಾರ ನೆಂಟ ಅಂತ ಹೇಳಬೇಡಿ. ಶೆಲ್ಫಿನಲ್ಲಿರುವ ಪ್ಯಾಕೆಟ್ ತಿರುಗಿಸಿ ತಯಾರಾದ ತಾರೀಖು ನೋಡಿ. ಆರು ತಿಂಗಳು ಬಾಳಿಕೆ ಬರುವ ಮಾಲು ಅಂದುಕೊಳ್ಳಿ. ಮುಂದಿನ ಸಾಲಿನಲ್ಲಿ ಹೋದ ತಿಂಗಳಿನ ತಾರೀಖು ಇದ್ದರೆ ಮಾಲು ಓಡುತ್ತಿದೆ. ನಾಲ್ಕು ತಿಂಗಳು ಹಳೆಯದು ಧೂಳು ಹಿಡಿದು ಕೂತಿದ್ದರೆ, ಅದೂ ಬೇರೆ ಬೇರೆ ಅಂಗಡಿಗಳಲ್ಲಿ ಒಂದೇ ತಿಂಗಳಿನ ಲಾಟು ಕಂಡರೆ, ರಿಟರ್ನ್ ಬರೋದು ಖಾತ್ರಿ, ಆ 8 ರೂಪಾಯಿ 12 ಆಗುತ್ತದೆ. ಅಂಗಡಿಯವರನ್ನು ಒಂದೇ ಮಾತು ಕೇಳಿ: "ಇದನ್ನ ತಗೊಂಡವರು ಮತ್ತೆ ಬಂದು ಕೇಳ್ತಾರಾ?" ಅವರು ಸುಮ್ನೆ ಭುಜ ಹಾರಿಸಿದರೂ ನಿಮಗೆ ಉತ್ತರ ಸಿಕ್ಕ ಹಾಗೆ. ಇನ್ನೊಂದು ವಿಷಯ, ದೋಸೆ ಮಿಕ್ಸ್, ಮಾಲ್ಟ್, ಕುರುಕಲು ಮೂರಕ್ಕೂ ಬೇರೆ ಬೇರೆ ಉಳಿಕೆ ಲೆಕ್ಕ ಕೇಳಿ. ಕುರುಕಲು ತಿಂಡಿ ಹಗುರ, ಆದರೆ ಜಾಗ ಜಾಸ್ತಿ ಹಿಡಿಯುತ್ತದೆ, ಲಾರಿ ಬಾಡಿಗೆ ತಿನ್ನುತ್ತದೆ, ಬೇಗ ಮೆತ್ತಗಾಗುತ್ತದೆ. ದೋಸೆ ಮಿಕ್ಸ್ ದುಡಿದದ್ದನ್ನು ಅದು ನುಂಗುತ್ತಿರುವ ಸಾಧ್ಯತೆ ಸಾಕಷ್ಟಿದೆ. ಹಾಗಿದ್ದರೆ ಅದನ್ನು ನಿಲ್ಲಿಸಿದರೆ ಮಾರಾಟ ಇಳಿದು ಲಾಭ ಹತ್ತಿರ ಬರುತ್ತದೆ, ಮಾರಾಟ ಇಳಿಯಿತು ಅಂತ ಆಗ ಗಾಬರಿ ಬೀಳಬೇಡಿ.

ಹಾಗಾದರೆ ನನ್ನ ಅಂದಾಜು ಏನು? ಈಗಿನ ಅಂಕಿ ಹಿಡಿದು ಹೇಳುವುದಾದರೆ ಮುಂದಿನ ವರ್ಷ ಪೂರ್ತಿ ಲಾಭ ಬರುವುದು ಕಷ್ಟ. ಅವನ ಸಂಬಳ ಸೇರಿಸಿ, 4.5 ಕೋಟಿ ಮಾರಾಟ, ಶೇ 24 ಉಳಿಕೆ, ಕಾಯಂ ಖರ್ಚು 99 ಲಕ್ಷದಲ್ಲೇ ನಿಂತರೆ 9 ಲಕ್ಷ ಲಾಭ. ಉಳಿಕೆ ಶೇ 20ಕ್ಕೆ ನಿಂತರೆ 9 ಲಕ್ಷ ನಷ್ಟ. ಈಗಿನ ಹಾಗೆ 17 ಇದ್ದರೆ ಇಪ್ಪತ್ತೆರಡೂವರೆ ಲಕ್ಷ ನಷ್ಟ. ಉಳಿಕೆ 24ಕ್ಕೇ ಏರಿ, ಹೋದ ವರ್ಷದ ಹಾಗೆ ಕಾಯಂ ಖರ್ಚು ಮತ್ತೆ 21 ಲಕ್ಷ ಏರಿದರೂ ನಷ್ಟವೇ. ಮಾರಾಟ, ಉಳಿಕೆ, ಕಾಯಂ ಖರ್ಚು ಮೂರೂ ಒಟ್ಟಿಗೆ ಕೂಡಿ ಬರಬೇಕು. ಒಂದೇ ವರ್ಷದಲ್ಲಿ ಹಾಗೆ ಕೂಡಿ ಬರೋದು ಅಪರೂಪ. ಸ್ಕೀಮ್ ಕಡಿಮೆ ಮಾಡಿದಾಗ ಒಂದೆರಡು ತಿಂಗಳು ಮಾರಾಟ ಬಿದ್ದೇ ಬೀಳುತ್ತದೆ. ಅದರ ಮರುವರ್ಷಕ್ಕೆ ಲಾಭ ಸಾಧ್ಯ ಅಂತ ನನಗೆ ಅನ್ನಿಸುತ್ತದೆ, ಆದರೆ ಅವನು ಈಗಲೇ ಪ್ಯಾಕೆಟ್ ಉಳಿಕೆ ಸರಿಮಾಡಲು ಶುರು ಮಾಡಿದರೆ ಮಾತ್ರ. ಬರೀ ಮಾರಾಟದ ಹಿಂದೆ ಓಡಿದರೆ ಐದು ವರ್ಷ ಆದರೂ ಇದೇ ಪತ್ರ ಬರೆಯುತ್ತೀರಿ.

ನೀವು ಏನು ಮಾಡಬಹುದು ಅಂದರೆ, 15 ಲಕ್ಷ ಒಟ್ಟಿಗೆ ಕೊಡಬೇಡಿ. ಹೋದ ಹನ್ನೆರಡು ತಿಂಗಳಿನ ಲೆಕ್ಕ ತಿಂಗಳವಾರು ಕೊಡು ಅಂತ ಕೇಳಿ, ಒಂದೇ ಹಾಳೆಯಲ್ಲಿ: ಮಾರಾಟ, ಪ್ಯಾಕೆಟ್ ಉಳಿಕೆ, ಕಾಯಂ ಖರ್ಚು, ತಿಂಗಳ ಕೊನೆಗೆ ಬ್ಯಾಂಕಿನಲ್ಲಿ ಎಷ್ಟಿತ್ತು, ಹೊರಗೆ ಬರಬೇಕಾದ ಉದ್ರಿ ಎಷ್ಟು. ದೀಪಾವಳಿ ಗಿಫ್ಟ್ ಬಾಕ್ಸ್ ಮಾರಿದ ತಿಂಗಳು ಲಾಭ ಕಂಡರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಬ್ಬ ಇಲ್ಲದ ಮೂರು ತಿಂಗಳು ಸತತವಾಗಿ ಉಳಿಕೆ ಕಾಯಂ ಖರ್ಚಿಗೆ ಹತ್ತಿರ ಹತ್ತಿರ ಬರುತ್ತಿದೆಯಾ ನೋಡಿ. ಮುಂದಿನ ಆರು ತಿಂಗಳು ಅದೇ ಹಾಳೆ ತಿಂಗಳು ತಿಂಗಳು ಕಳಿಸಲಿ. ಉಳಿಕೆ ಶೇ 22 ದಾಟಿ ನಿಂತು, ಕಾಯಂ ಖರ್ಚು ಏರದಿದ್ದರೆ ಮೊದಲ 5 ಲಕ್ಷ ಕೊಡಿ, ಉಳಿದದ್ದು ಆಮೇಲೆ. ಹಾಳೆ ಕಳಿಸೋದಕ್ಕೇ ಅವನು ಬೇಸರ ಮಾಡಿಕೊಂಡರೆ ನೆಂಟಸ್ತಿಕೆ ನೆಂಟಸ್ತಿಕೆಯಾಗಿಯೇ ಇರಲಿ, ದುಡ್ಡು ಬೇಡ.

ಅವನು ಹೇಳಿದ ಅಂಕಿಗಳನ್ನು ನೀವೇ ತಾಳೆ ನೋಡಬಹುದು. ಪ್ರೈವೇಟ್ ಲಿಮಿಟೆಡ್ ಕಂಪನಿಗಳು ವರ್ಷದ ಲೆಕ್ಕಪತ್ರವನ್ನು ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ ಪೋರ್ಟಲ್‌ಗೆ ಸಲ್ಲಿಸಲೇಬೇಕು. ಒಂದು ಕಂಪನಿಗೆ 100 ರೂಪಾಯಿ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ತೆರೆದು ನೋಡಬಹುದು, ಆಸ್ತಿ ಅಡ ಇಟ್ಟು ಮಾಡಿದ ಸಾಲದ ವಿವರವೂ ಅಲ್ಲೇ ಸಿಗುತ್ತದೆ. ಮಾರಾಟದ ಅಂಕಿ ತಾಳೆ ನೋಡೋಕೆ ಜಿಎಸ್‌ಟಿ ರಿಟರ್ನ್ (ತೆರಿಗೆ ಇಲಾಖೆಗೆ ಸಲ್ಲಿಸುವ ಮಾರಾಟದ ಲೆಕ್ಕ) ಕೇಳಿ, ತಿಂಗಳವಾರು ಹಾಳೆಯ ಪಕ್ಕ ಇಟ್ಟುಕೊಂಡು ನೋಡಿ. ಕೊಡುವುದೇ ಆದರೆ ಚೆಕ್ ಅಥವಾ ಬ್ಯಾಂಕ್ ಮೂಲಕ ಕಂಪನಿಯ ಖಾತೆಗೇ ಹಾಕಿ, ಅವನ ಸ್ವಂತ ಖಾತೆಗಲ್ಲ. ಷೇರಿಗೆ ಎಷ್ಟು ಬೆಲೆ ಅನ್ನೋದಕ್ಕೆ ನೋಂದಾಯಿತ ಮೌಲ್ಯಮಾಪಕರ ವರದಿ ಇರಬೇಕು, ದುಡ್ಡು ಹಾಕಿದ 60 ದಿನದೊಳಗೆ ಷೇರು ನಿಮ್ಮ ಹೆಸರಿಗೆ ಬರಬೇಕು, ಬಾರದಿದ್ದರೆ ದುಡ್ಡು ವಾಪಸ್ ಕೊಡಬೇಕಾಗುತ್ತದೆ. ಪ್ರೈವೇಟ್ ಕಂಪನಿ ಷೇರನ್ನು ಬೇಕೆಂದಾಗ ಮಾರೋಕೆ ಆಗುವುದಿಲ್ಲ ಅನ್ನೋದು ನೆನಪಿರಲಿ. ಪೆನ್ಷನ್ ದುಡ್ಡಿನಲ್ಲಿ ಆಸ್ಪತ್ರೆ ಖರ್ಚಿಗೆ ಅಂತ ಇಟ್ಟುಕೊಂಡ ಭಾಗವನ್ನು ಇದಕ್ಕೆ ಮುಟ್ಟಬೇಡಿ.

ತಿಂಗಳವಾರು ಹಾಳೆ ಬಂದ ಮೇಲೆ ಒಂದು ಪ್ರತಿ ನನಗೂ ಕಳಿಸಿ. ಪ್ಯಾಕೆಟ್ ಲೆಕ್ಕ ಮೂರೂ ಮಾಲಿಗೆ ಬೇರೆ ಬೇರೆ ಇರಲಿ, ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲಿ ವಾಪಸ್ ಬಂದ ಮಾಲು ಎಷ್ಟು ಅನ್ನೋದನ್ನು ಮರೆಯದೆ ಬರೆಸಿ.